ಆಗುಂಬೆಯ ಇಳಿಜಾರಿನಲ್ಲಿ

ಆಗುಂಬೆಯ ಸೂರ್ಯಾಸ್ತವನ್ನು ಕಣ್ತುಂಬ ನೋಡಿ, ಹೆಂಡತಿ ಮಕ್ಕಳೊಡನೆ ಕಾರಿನಲ್ಲಿ ಸೋಮೇಶ್ವರದತ್ತ ಇಳಿಯತೊಡಗಿದೆ. ಮುಂದಿದ್ದುದು 14 ಕಡಿದಾದ ತಿರುವುಗಳ ಘಟ್ಟ. ಹಗಲಿನ ಮಳೆಗೆ ರಸ್ತೆ ನೆನೆದಿತ್ತು. ಪಕ್ಕದಲ್ಲಿ ಕುಳಿತಿದ್ದ ಮಾವನವರು, “ನ್ಯೂಟ್ರಲ್ಲಿಗೆ ಹಾಕಿಬಿಡಿ, ಪೆಟ್ರೋಲು ಉಳಿಯುತ್ತದೆ” ಎಂದರು. ಅದು ಕಾರ್ಬ್ಯುರೇಟರಿನ ಕಾಲದ ಮಿತವ್ಯಯ.

ನಾನು ಎರಡನೆಯ ಗೇರಿಗೆ ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎದುರಿನ ಫಲಕದಲ್ಲಿ ಮೈಲೇಜಿನ ಗೆರೆ ತುದಿಯನ್ನು ಮುಟ್ಟಿತು.

“ಇದೇನು?”

“ಈಗ ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿವೆ, ಮಾವ. ಪೆಟ್ರೋಲಿನ ಪೂರೈಕೆ ತಾನಾಗಿ ನಿಂತಿದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನು ಆರದಿರಲೆಂದೇ ಪೆಟ್ರೋಲು ಬೇಕು. ಬಂಡಿಯನ್ನು ತಡೆಯುವ ಹೊರೆಯೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಸೋಲುತ್ತದೆ.”

ಮಾವನವರು ನಂಬಿದಂತೆ ಕಾಣಲಿಲ್ಲ.

ನಡುವಿನ ತಿರುವೊಂದರಲ್ಲಿ ಮಿನಿಬಸ್ಸೊಂದು ಥಟ್ಟನೆ ಎದುರಾಯಿತು. ಬ್ರೇಕನ್ನು ಬಲವಾಗಿ ಒತ್ತಿದೆ; ಪಾದದಡಿಯಲ್ಲಿ ಪೆಡಲು ನಡುಗಿತು. ಎ.ಬಿ.ಎಸ್. ವ್ಯವಸ್ಥೆಯು ಚಕ್ರಗಳು ಸೆಟೆದು ಜಾರಗೊಡದೆ, ಬಿಟ್ಟು ಬಿಟ್ಟು ಹಿಡಿದು, ಸ್ಟೀರಿಂಗನ್ನು ನನ್ನ ಕೈವಶದಲ್ಲಿಯೇ ಉಳಿಸಿತು. ಒಂದು ಮೊಳದ ಅಂತರದಲ್ಲಿ ನಿಂತೆವು. ವೇಗ ಇನ್ನಷ್ಟು ಹೆಚ್ಚಿದ್ದರೆ ಯಾವ ಯಂತ್ರವೂ ಕಾಯುತ್ತಿರಲಿಲ್ಲ.

ಬಸ್ಸು ದಾಟಿಹೋಯಿತು. ಮಗಳನ್ನೊಮ್ಮೆ ತಿರುಗಿ ನೋಡಿ ಮಾವನವರು ಮೆಲ್ಲನೆ ಹೇಳಿದರು:

“ಎರಡನೆಯ ಗೇರಿನಲ್ಲಿಯೇ ಇರಲಿ.”