ಕಾರನ್ನು ತಗ್ಗಿಸಿದ ಪ್ರಸಂಗ

ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಅವರು ನನ್ನಿಂದ ಛಂದಸ್ಸನ್ನೋ ವ್ಯಾಕರಣವನ್ನೋ ನಿರೀಕ್ಷಿಸಿದ್ದಿರಬೇಕು. ವರ್ಷಾನುಗಟ್ಟಲೆ ಲಘು ಗುರುಗಳನ್ನು ಎಣಿಸಿದವನಿಗೆ ಬೇರೇನು ತಿಳಿದೀತೆಂಬ ಊಹೆ ಸಹಜವೇ. ಆದರೆ ಕಳೆದ ದೀಪಾವಳಿಯಲ್ಲಿ ನಾನೇ ವಿದ್ಯಾರ್ಥಿಯಾಗಿ ಕುಳಿತು ಕಲಿತ ಪಾಠವೊಂದುಂಟು. ಕಲಿಸಿದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಆದುದರಿಂದ ಅದನ್ನು ಇಲ್ಲಿ ನಿವೇದಿಸುವುದು ಅನುಚಿತವಾಗದೆಂದು ಭಾವಿಸುತ್ತೇನೆ.

ನಮ್ಮ ಮನೆಯಲ್ಲಿ ಹಳೆಯದೊಂದು ಮಾರುತಿ 800 ಇದೆ. 1983ರ ಡಿಸೆಂಬರಿನಲ್ಲಿ ಹೊರಬಂದು 2014ರಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ವಾಹನ ಅದೆಷ್ಟೋ ಉಪಾಧ್ಯಾಯರ ಮನೆಗಳಿಗೆ ಮೊದಲ ಕಾರಾಗಿತ್ತು. ನಮ್ಮದು ಇನ್ನೊಬ್ಬರಿಂದ ಕೊಂಡದ್ದು. ಬೆಂಗಳೂರಿನಲ್ಲಿ ಓದುತ್ತಿರುವ ಮಗ ಅದನ್ನು ಕೇಳಿ ಒಯ್ದಿದ್ದ. ಹಬ್ಬಕ್ಕೆ ಅವನು ಮರಳಿದಾಗ ಕಾರು ಮಲಗಿದ ಎಮ್ಮೆಯಂತೆ ನೆಲಕ್ಕೆ ಹತ್ತಿ ನಿಂತಿತ್ತು. “ನಾಲ್ಕೂ ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ್ದೇನೆ, ಅಪ್ಪಾ. ತಿರುವಿನಲ್ಲಿ ಇನ್ನು ವಾಲುವುದಿಲ್ಲ. ಖರ್ಚು ಬರೀ ಎರಡು ಸಾವಿರ” ಎಂದ. ಮಿತವ್ಯಯವೆಂಬ ಮಾತು ಕಿವಿಗೆ ಬಿದ್ದೊಡನೆ ನಾನೂ ಸುಮ್ಮನಾದೆ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮೂರನೆಯ ದಿನ ಉಜಿರೆಯಲ್ಲಿ ಬಂಧುಗಳ ಮದುವೆ. ನಾನು, ನನ್ನ ಗೃಹಿಣಿ, ತಂಗಿ, ಮಗ ಹೀಗೆ ನಾಲ್ವರು ಹೊರಟೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿದೆವು. 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಕುಸಿದು ಮುಚ್ಚಿಹೋಗಿದ್ದ ಹೆದ್ದಾರಿ ಅದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಗುಂಡಿಗೆ ಬಿತ್ತು. ದಢಾರನೆ ಸದ್ದಾಯಿತು, ಕಾರಿನ ಹಿಂಭಾಗ ಒಮ್ಮೆ ಹೊರಗಡೆಗೆ ಎಸೆದಂತಾಯಿತು, ಬೆನ್ನಿಗೇ ಸುಟ್ಟ ರಬ್ಬರಿನ ವಾಸನೆ. ತಡೆಗೋಡೆಗೂ ನಮಗೂ ಎರಡು ಮೊಳ ಉಳಿದಿತ್ತು. ಉಜಿರೆ ತಲುಪುವವರೆಗೆ ನನ್ನ ಗೃಹಿಣಿ ಬಾಯಿ ತೆರೆಯಲಿಲ್ಲ. ಮರಳುವಾಗ ಅವಳೂ ತಂಗಿಯೂ ಬಸ್ಸು ಹತ್ತಿದರು.

ಮರುದಿನ ಕಾರನ್ನು ಮೂಡಿಗೆರೆಯ ನನ್ನ ಶಿಷ್ಯನಲ್ಲಿಗೆ ತಂದೆವು. ಹಳಗನ್ನಡ ಪದ್ಯದ ಅನ್ವಯ ಬಾರದೆಂದು ಇವನನ್ನು ನಾನು ಎಷ್ಟೋ ದಿನ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಈಗ ಅವನು ಹಳೆಯ ಟಯರೊಂದನ್ನು ಒರಸಿ ನನ್ನನ್ನು ಅದರ ಮೇಲೆ ಕೂರಿಸಿದ. ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಆಸರೆ ಕೊಟ್ಟು, ಚಕ್ರಗಳನ್ನು ಜೋತುಬಿಟ್ಟ. “ಈ ಸ್ಪ್ರಿಂಗನ್ನು ತಿರುಗಿಸಿ ನೋಡಿ, ಸಾರ್” ಎಂದ. ನನ್ನ ಎರಡು ಬೆರಳಿಗೇ ಅದು ಗಿರ್ರನೆ ತಿರುಗಿತು! ಕಾರಿನ ಭಾರ ಹೊರಬೇಕಾದುದು ತನ್ನ ಪೀಠದಲ್ಲಿ ಬಿಗಿಯಾಗಿ ಕೂರದೆ ಸಡಿಲವಾಗಿತ್ತು. ಚಕ್ರ ಗುಂಡಿಗೆ ಇಳಿದಾಗ ಅದು ಜಾಗ ಬಿಟ್ಟು ಸರಿದು ಓರೆಯಾಗಿ ಕುಳಿತಿದೆ. ಟಯರು ಮೇಲಿನ ತಗಡಿಗೆ ಉಜ್ಜಿ ಒಳಗಿನ ನೂಲು ಕಾಣುವಷ್ಟು ಸವೆದಿದೆ.

ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸ್ಪ್ರಿಂಗನ್ನು ಕತ್ತರಿಸಿದರೆ ಅದು ಗಿಡ್ಡವಾಗುವುದಷ್ಟೇ ಅಲ್ಲ, ಬಿಗಿಯೂ ಆಗುತ್ತದೆ. ಎಂಟು ಸುತ್ತಿನಲ್ಲಿ ಎರಡನ್ನು ತೆಗೆದರೆ ಉಳಿದ ಆರು ಸುತ್ತು ಮೊದಲಿಗಿಂತ ಮೂರರಲ್ಲೊಂದು ಪಾಲು ಹೆಚ್ಚು ಗಡುಸು. ಕಂದಪದ್ಯದ ಪಾದದಿಂದ ಎರಡು ಮಾತ್ರೆ ಕಿತ್ತರೆ ಗಣವೇ ಕೆಡುವಂತೆ, ಎಂದು ನಾನೆಂದೆ. ಅವನು ನಕ್ಕ, ಅನ್ವಯವಾಯಿತೋ ಇಲ್ಲವೋ ಕೇಳಲಿಲ್ಲ. ಇನ್ನು, ಗ್ಯಾಸಿನ ಜ್ವಾಲೆಯಿಂದ ಕತ್ತರಿಸುವುದಂತೂ ಮಹಾಪರಾಧ. ಉಕ್ಕಿಗೆ ಕಾಸಿ ಕೊಟ್ಟಿದ್ದ ಹದ ಆ ಶಾಖದಿಂದ ಹೋಗಿ, ಸ್ಪ್ರಿಂಗು ಕುಸಿಯುತ್ತದೆ, ಇಲ್ಲವೇ ಒಂದು ದಿನ ಮುರಿಯುತ್ತದೆ. ನಮ್ಮದರ ತುದಿಯಲ್ಲಿ ಜ್ವಾಲೆಯ ನೀಲಿ ಕಲೆ ಸ್ಪಷ್ಟವಾಗಿತ್ತು. ಮುಂದಿನ ಸ್ಪ್ರಿಂಗುಗಳು ಆಘಾತಶಾಮಕದ ಸುತ್ತ ಅದುಮಿಟ್ಟ ಸ್ಥಿತಿಯಲ್ಲಿರುತ್ತವೆ. ಅವನ್ನು ತಕ್ಕ ಹಿಡಿಕೆಯಿಲ್ಲದೆ ಬಿಚ್ಚಹೋದವನ ದವಡೆಗೆ ಅಪಾಯ.

“ಹಾಗಾದರೆ ಬಡವ ಕಾರನ್ನು ತಗ್ಗಿಸಲೇಬಾರದೋ?” ಎಂದು ಮಗ ಕೆಣಕಿದ. ಶಿಷ್ಯ ಸಿಡುಕಲಿಲ್ಲ. ಆಯಾ ಕಾರಿಗೆಂದೇ ತಯಾರಾದ ಗಿಡ್ಡ ಸ್ಪ್ರಿಂಗುಗಳ ಜೋಡಿ ಸಿಗುವುದಾದರೆ ಮಾತ್ರ ಕೊಳ್ಳಬೇಕು. ಒಂದು, ಹೆಚ್ಚೆಂದರೆ ಒಂದೂವರೆ ಅಂಗುಲಕ್ಕೆ ತೃಪ್ತನಾಗಬೇಕು. ಆಘಾತಶಾಮಕ ಹಳೆಯದಾಗಿದ್ದರೆ ಮೊದಲ ಹಣ ಅದಕ್ಕೆ. ಎತ್ತರ ಬದಲಾದೊಡನೆ ಚಕ್ರಗಳ ಓರೆ ಬದಲಾಗುವುದರಿಂದ ಜೋಡಣೆಯನ್ನು ಯಂತ್ರದಲ್ಲಿ ಸರಿಪಡಿಸಬೇಕು, ದೀಪಗಳ ದಿಕ್ಕನ್ನೂ ನೋಡಬೇಕು. ಉಳಿಸಬೇಕೆಂದರೆ ಬಣ್ಣದಲ್ಲಿ, ಚಕ್ರದ ಅಲಂಕಾರದಲ್ಲಿ ಉಳಿಸು ಎಂದ. ಸ್ಪ್ರಿಂಗು, ಟಯರು, ಬ್ರೇಕುಗಳಲ್ಲಿ ಚೌಕಾಶಿ ಕೂಡದಂತೆ.

ಮಗನ ಆಸೆ ಪೂರಾ ಅವಿವೇಕವೇನಲ್ಲ. ಭಾರ ನೆಲಕ್ಕೆ ಹತ್ತಿರವಾದಷ್ಟೂ ಕಾರು ವಾಲುವುದು ಕಡಿಮೆ. ನುಣುಪಾದ ಓಟದ ಅಂಗಳಕ್ಕೆ ಅದು ಸರಿಯೇ. ಆದರೆ ನಮ್ಮ ಜಿಲ್ಲೆಯ ಕಾಫಿತೋಟಗಳ ಮಣ್ಣುದಾರಿಯಲ್ಲಿ ನಡೆಯುವ ರ‍್ಯಾಲಿ ಸ್ಪರ್ಧೆಗಳನ್ನು ನೋಡಿದವರು ಬಲ್ಲರು: ಅಲ್ಲಿ ಕಾರುಗಳನ್ನು ತಗ್ಗಿಸುವುದಿಲ್ಲ, ಚಕ್ರಕ್ಕೆ ಮೇಲೆ ಕೆಳಗೆ ಆಡಲು ಧಾರಾಳವಾಗಿ ಎಡೆ ಕೊಡುತ್ತಾರೆ. ಅಳತೆಪಟ್ಟಿ ಹಿಡಿದಾಗ ನಮ್ಮ ಖಾಲಿ ಕಾರಿನ ಅಡಿಗೆ 11 ಸೆಂಟಿಮೀಟರ್ ಮಾತ್ರ ಉಳಿದಿತ್ತು. ನಿಯಮದಂತೆ ಕಟ್ಟಿದ ರಸ್ತೆ ಉಬ್ಬೇ 10 ಸೆಂಟಿಮೀಟರ್ ಎತ್ತರ. ಇನ್ನು ನಮ್ಮ ಹಳ್ಳಿಗಳ ಉಬ್ಬುಗಳು ಯಾವ ನಿಯಮಕ್ಕೂ ಒಳಪಟ್ಟವಲ್ಲ!

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕೆ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸಲಾಗದು. 2019ರ ತಿದ್ದುಪಡಿ ಅಕ್ರಮ ಮಾರ್ಪಾಟು ಒಂದಕ್ಕೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಅಥವಾ ಎರಡನ್ನೂ ವಿಧಿಸಿದೆ. ಕತ್ತರಿ ಹಿಡಿಯುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕಿತ್ತು. ಮಗನೂ ವಿಚಾರಿಸಲಿಲ್ಲ, ನಾನೂ ಕೇಳಲಿಲ್ಲ.

ನಾಲ್ಕು ಹೊಸ ಸ್ಪ್ರಿಂಗು, ಎರಡು ಟಯರು, ಹಿಂದಿನ ಆಘಾತಶಾಮಕಗಳು, ಚಕ್ರಜೋಡಣೆ ಎಲ್ಲ ಸೇರಿ ವೆಚ್ಚ 11,000 ರೂಪಾಯಿ ದಾಟಿತು. ಕಾರು ತನ್ನ ಮೊದಲಿನ ಎತ್ತರಕ್ಕೆ ಏರಿತು. ಶಿಷ್ಯ ಮಜೂರಿ ಮುಟ್ಟಲಿಲ್ಲ. ಒತ್ತಾಯಿಸಿದ್ದಕ್ಕೆ, “ಬೆಂಚಿನ ಲೆಕ್ಕಕ್ಕೆ ಹಾಕಿಕೊಳ್ಳಿ, ಸಾರ್” ಎಂದುಬಿಟ್ಟ. ಯಾರ ಲೆಕ್ಕಕ್ಕೆಂದು ನನಗೆ ಇನ್ನೂ ಬಗೆಹರಿದಿಲ್ಲ.

ಮಗ ತನ್ನ ಹಟ ಬಿಟ್ಟಿಲ್ಲ. ಗಿಡ್ಡ ಸ್ಪ್ರಿಂಗುಗಳಿಗಾಗಿ ಹಣ ಕೂಡಿಸುತ್ತಿದ್ದಾನೆ. ಈ ಸಲ ಸಾರಿಗೆ ಕಚೇರಿಗೆ ಹೋಗಿ ಕೇಳಿ ಬರುವುದಾಗಿ ಬರೆದಿದ್ದಾನೆ. ಆಗಲಿ, ಆದರೆ ಹಬ್ಬಕ್ಕೆ ಮಾತ್ರ ಬಸ್ಸಿನಲ್ಲಿ ಬಾ ಎಂದು ಉತ್ತರಿಸಿದ್ದೇನೆ. ಅವನ ತಾಯಿಯ ಆಜ್ಞೆಯೂ ಅದೇ. ನೀಲಿ ಕಲೆಯ ಆ ತುಂಡು ಸ್ಪ್ರಿಂಗು ಈಗ ನನ್ನ ಮೇಜಿನ ಮೇಲೆ, ಹತ್ತನೆಯ ತರಗತಿಯ ಉತ್ತರಪತ್ರಿಕೆಗಳು ಗಾಳಿಗೆ ಹಾರದಂತೆ ಹಿಡಿದು ಕುಳಿತಿದೆ.