ಕಯಾಲರ ತೋಟದ ಭಾಂಟ್ ಹೂ

ಕಲ್ಕತ್ತೆಯ ದಕ್ಷಿಣದಂಚಿನಲ್ಲಿ, ಗರಿಯಾ ದಾಟಿದರೆ ನರೇಂದ್ರಪುರ. ಅಲ್ಲಿನ ಚಿಂತಾಮಣಿ ಕರ್ ಪಕ್ಷಿಧಾಮವನ್ನು ಊರಿನವರು ಈಗಲೂ ಕರೆಯುವುದು ಕಯಾಲೇರ್ ಬಾಗಾನ್, ಅಂದರೆ ಕಯಾಲರ ತೋಟ ಎಂದೇ. ಒಂದು ಕಾಲಕ್ಕೆ ಖಾಸಗಿ ಹಣ್ಣಿನ ತೋಟವಾಗಿದ್ದ ಸುಮಾರು 17 ಎಕರೆ ಜಾಗ ಅದು. ಬಂದವರೆಲ್ಲ ಉದ್ದನೆಯ ಲೆನ್ಸು ಹಿಡಿದು ಕೊಂಬೆಗಳಲ್ಲಿ ಮರಕುಟಿಗನನ್ನು, ಗೂಬೆಯನ್ನು ಹುಡುಕುತ್ತಾರೆ. ನನ್ನ ಕಣ್ಣು ಮಾತ್ರ ಬುಡದ ಪೊದೆಗಳ ಮೇಲೆ. ಫಾಲ್ಗುಣದಲ್ಲಿ ಅಲ್ಲಿ ಭಾಂಟ್ ಅರಳುತ್ತದೆ.

ಎದೆಯೆತ್ತರದ ಗಿಡ, ಅಗಲವಾದ ಎಲೆ. ಎಲೆ ಹಿಸುಕಿದರೆ ಮೂಗು ಮುಚ್ಚಿಕೊಳ್ಳಬೇಕು, ಹೂವಿಗೆ ಮಾತ್ರ ಹಿತವಾದ ಕಂಪು. ಐದು ಬಿಳಿ ಎಸಳು, ಗಂಟಲಲ್ಲಿ ತೆಳು ಕೆಂಪು. ಹತ್ತಿರ ಕೂತು ನೋಡಬೇಕು. ಹೊಸದಾಗಿ ಬಿರಿದ ಹೂವಿನಲ್ಲಿ ನಾಲ್ಕು ಕೇಸರಗಳು ಮುಂದಕ್ಕೆ ಚಾಚಿರುತ್ತವೆ, ಶಲಾಕೆ ಕೆಳಕ್ಕೆ ಬಾಗಿರುತ್ತದೆ. ಪರಾಗ ಖಾಲಿಯಾದ ಮೇಲೆ ಕೇಸರಗಳು ಸುರುಳಿ ಸುತ್ತಿ ಹಿಂದೆ ಸರಿಯುತ್ತವೆ, ಶಲಾಕೆ ಎದ್ದು ಮುಂದೆ ಬರುತ್ತದೆ. ತನ್ನ ಪರಾಗ ತನಗೇ ತಾಗದಿರಲು ಈ ಏರ್ಪಾಡು. ಒಂದೇ ಗೊಂಚಲಿನಲ್ಲಿ ಇವತ್ತಿನ ಹೂ ಯಾವುದು, ನಿನ್ನೆಯದು ಯಾವುದು ಎಂದು ಬೆರಳಿಟ್ಟು ತೋರಿಸಬಹುದು. ಆಮೇಲೆ ಪುಷ್ಪಪಾತ್ರೆ ಕೆಂಪೇರಿ ಹಿಗ್ಗಿ, ನಡುವೆ ಕಪ್ಪು ಕಾಯಿ ಕೂರುತ್ತದೆ; ನನಗೆ ಹೂವಿಗಿಂತ ಅದೇ ಚೆಂದ.

ಇದಕ್ಕೆ ಘೆಂಟು ಎಂಬ ಹೆಸರೂ ಇದೆ. ಚರ್ಮರೋಗದಿಂದ ಕಾಯುವ ಘೆಂಟು ದೇವರಿಗೆ ಬಂಗಾಳದ ಹಳ್ಳಿಗಳಲ್ಲಿ ಫಾಲ್ಗುಣದ ಕೊನೆಯ ದಿನ ಏರಿಸುವುದು ಈ ಹೂವನ್ನೇ. ಬಂಗಾಳಿ ಕವಿ ಜೀವನಾನಂದ ದಾಸರ ಕವಿತೆಯಲ್ಲೂ ಭಾಂಟ್ ಇದೆ. ನಮ್ಮ ಶಿವನಿಗೆ ತುಂಬೆ ಇದ್ದ ಹಾಗೆ, ಯಾರೂ ನೆಡದೆ ದೇವರವರೆಗೆ ಹೋದ ಹೂ. ತುಂಬೆಯೂ ಇಲ್ಲಿನದೇ, ಬಂಗಾಳಿಗಳ ಬಾಯಲ್ಲಿ ಅದು ದಂಡಕಲಸ.

ಈ ತೋಟ ಉಳಿದದ್ದು ತಾನಾಗಿ ಅಲ್ಲ. 1982ರಲ್ಲಿ ಅಭಯಾರಣ್ಯದ ಘೋಷಣೆಯಾದರೂ ಜಾಗ ಸರ್ಕಾರದ ಕೈಗೆ ಬರಲು ವರ್ಷಗಳೇ ಹಿಡಿದವು. 1948ರ ಲಂಡನ್ ಒಲಿಂಪಿಕ್ಸ್‌ನ ಕಲಾ ಸ್ಪರ್ಧೆಯಲ್ಲಿ ಬ್ರಿಟನ್ ಪರವಾಗಿ ಬೆಳ್ಳಿ ಪದಕ ಗೆದ್ದಿದ್ದ ಶಿಲ್ಪಿ ಚಿಂತಾಮಣಿ ಕರ್, ಊರಿನವರ ಜೊತೆ ನಿಂತು ಇದಕ್ಕಾಗಿ ದನಿಯೆತ್ತಿದರು. 2005ರಲ್ಲಿ ಅವರು ತೀರಿಕೊಂಡ ಮೇಲೆ ಧಾಮಕ್ಕೆ ಅವರ ಹೆಸರು ಬಂತು.

ಹೋರಾಟ ನಡೆದದ್ದು ಹಕ್ಕಿ, ಮರಗಳ ಹೆಸರಿನಲ್ಲಿ. ಹೂ ಉಳಿದದ್ದು ಅದರ ನೆರಳಿನಲ್ಲಿ. ತೋಟದ ಹೊರಗೆ ಕಾಡುಗಿಡಗಳಿಗೆ ಆ ನೆರಳಿಲ್ಲ. ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ 1903ರಲ್ಲಿ ‘ಬೆಂಗಾಲ್ ಪ್ಲಾಂಟ್ಸ್’ ಎಂದು ಎರಡು ಸಂಪುಟ ತುಂಬುವಷ್ಟು ಗಿಡಗಳನ್ನು ದಾಖಲಿಸಿದರು. ನಗರದ ಪಾರ್ಕುಗಳಲ್ಲಿ ಅವುಗಳಲ್ಲಿ ಎಷ್ಟೋ ಗಿಡಗಳಿಗೆ ಕಳೆ ಎಂಬ ಹೆಸರು ಬಿದ್ದಿದೆ. ಮಾಲಿಯ ಕತ್ತಿ ಮೊದಲು ತಾಗುವುದು ಅವಕ್ಕೇ. ಕಿತ್ತುಹಾಕಬೇಕಾದದ್ದು ಅಮೆರಿಕ ಖಂಡದಿಂದ ಬಂದು ಬೇಲಿಗಳನ್ನೆಲ್ಲ ಮುಸುಕುತ್ತಿರುವ ಮಿಕಾನಿಯಾ ಬಳ್ಳಿಯನ್ನು. ಭಾಂಟ್ ಗಿಡದ ಬುಡಕ್ಕೆ ಕತ್ತಿ ಹಾಕುವವರು ಕಾಯಿ ಕಪ್ಪಾಗಿ ಉದುರುವ ತನಕ ತಡೆಯಲಿ. ಅದಕ್ಕೆ ಹಣ ಬೇಡ, ಆದೇಶವೂ ಬೇಡ.