ಆಕಾಶಕ್ಕೇರಿದ ಹೆಸರುಗಳು

ಹಿಂದಿನ ಖಗೋಳಶಾಸ್ತ್ರಜ್ಞರಿಗೆ ಹೆಣ್ಣು ಹೆಸರೆಂದರೆ ಬಲು ಪ್ರೀತಿ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳು ಒಂದೊಂದಾಗಿ ಸಿಕ್ಕಾಗ ಅವುಗಳಿಗೆ ಸೆರೆಸ್, ಪಲ್ಲಾಸ್, ಜುನೊ, ವೆಸ್ತಾ ಎಂದು ದೇವಿಯರ ಹೆಸರನ್ನೇ ಇಡುತ್ತ ಬಂದರು. ಅಂಥವಳೊಬ್ಬಳು ಸಿಲ್ವಿಯಾ. ಕ್ರಮಸಂಖ್ಯೆ 87. ಆ ಪಟ್ಟಿಯ ಹೊರ ಅಂಚಿನಲ್ಲಿ, ಸೂರ್ಯನಿಂದ ಭೂಮಿಗಿರುವ ದೂರದ ಸುಮಾರು ಮೂರೂವರೆ ಪಟ್ಟು ದೂರದಲ್ಲಿ ಅವಳ ಓಡಾಟ. ಅಡ್ಡಗಲ ಸುಮಾರು 270 ಕಿಲೋಮೀಟರು. ಐದು ತಾಸಿಗೊಂದು ದಿನ, ಆರೂವರೆ ವರ್ಷಕ್ಕೊಂದು ಯುಗಾದಿ! ಬರಿಗಣ್ಣಿಗೆ ಕಾಣುವವಳಲ್ಲ.

ಇವಳು ಸಿಕ್ಕಿದ್ದು ನಮ್ಮ ನೆರೆಯಲ್ಲೇ, ಮದ್ರಾಸಿನ ವೀಕ್ಷಣಾಲಯದಲ್ಲಿ, 1866ರ ಮೇ 16ರಂದು. ಕಂಡವರು ನಾರ್ಮನ್ ಪಾಗ್ಸನ್. ಆ ವೀಕ್ಷಣಾಲಯದ ವಂಶದ್ದೇ ಇಂದಿನ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ರೋಮಿನ ಪುರಾಣದಲ್ಲಿ ಸಿಲ್ವಿಯಾ ಅವಳಿ ಮಕ್ಕಳ ತಾಯಿ. ಕೂಸುಗಳನ್ನು ಅವಳಿಂದ ಕಿತ್ತುಕೊಂಡು ಹೊಳೆಗೆ ಬಿಟ್ಟರಂತೆ. ಆಕಾಶದ ಸಿಲ್ವಿಯಾಳ ಸುತ್ತ 2001ರಲ್ಲಿ ಒಂದು ಪುಟ್ಟ ಚಂದ್ರ, 2004ರಲ್ಲಿ ಇನ್ನೊಂದು ಪತ್ತೆಯಾದವು. ರೊಮುಲಸ್, ರೀಮಸ್ ಎಂದು ಆ ಮಕ್ಕಳ ಹೆಸರನ್ನೇ ಇಟ್ಟರು. ಎರಡು ಚಂದ್ರರಿರುವುದು ತಿಳಿದುಬಂದ ಮೊದಲ ಕ್ಷುದ್ರಗ್ರಹ ಅದು. ನೂರಾ ಮೂವತ್ತೈದು ವರ್ಷ ಕಾದು ತಾಯಿ ಮಕ್ಕಳನ್ನು ಕೂಡಿದಳು ಎನ್ನಿ.

ನನ್ನ ಮನಸ್ಸು ನಿಂತದ್ದು ಮಾತ್ರ ಪಾಗ್ಸನ್ನರ ಮಗಳ ಬಳಿ. ಹೆಸರು ಐಸಿಸ್. ಅವಳು ಮೂರು ವರ್ಷದ ಕೂಸಾಗಿದ್ದಾಗ, 1856ರಲ್ಲಿ, ತಂದೆ ಕಂಡುಹಿಡಿದ 42ನೆಯ ಕ್ಷುದ್ರಗ್ರಹದ ಹೆಸರೂ ಐಸಿಸ್. ದೊಡ್ಡವಳಾಗಿ 1873ರಿಂದ ಮದ್ರಾಸಿನಲ್ಲಿ ತಂದೆಗೆ ಸಹಾಯಕಳಾದಳು. ತಿಂಗಳಿಗೆ ನೂರೈವತ್ತು ರೂಪಾಯಿ ಪಗಾರ. ಲೆಕ್ಕ ಹಾಕುವುದು ಅವಳ ಕೆಲಸ. ಇಪ್ಪತ್ತೈದು ವರ್ಷ ದುಡಿದಳು. 1886ರಲ್ಲಿ ತಂದೆ ಅವಳನ್ನು ಇಂಗ್ಲೆಂಡಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯತ್ವಕ್ಕೆ ಸೂಚಿಸಿದರೆ, ಹೆಂಗಸರಿಗೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಅವಳ ಹೆಸರು ಆಕಾಶಕ್ಕೇರಬಹುದು, ಅವಳು ಬಾಗಿಲು ದಾಟುವಂತಿಲ್ಲ! ಕೊನೆಗೆ 1920ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ತಂದೆ ಇರಲಿಲ್ಲ. ಮದುವೆಯಾಗಿ ಅವಳ ಅಡ್ಡಹೆಸರೂ ಬದಲಾಗಿತ್ತು.

ನಮ್ಮ ಕಡೆಯಾದರೆ ಅಡ್ಡಹೆಸರಷ್ಟೇ ಅಲ್ಲ, ಇಡೀ ಹೆಸರೇ ಹೋಗುತ್ತದೆ. ಮದುವೆಯಲ್ಲಿ ತಾಟಿನ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆದನೆಂದರೆ ಹಳೆಯದು ಮುಗಿಯಿತು. ನವಲಗುಂದದ ನಮ್ಮ ಅಜ್ಜಿಯ ತವರಿನ ಹೆಸರು ನನಗೆ ತಿಳಿದದ್ದು ಅವಳು ತೀರಿಕೊಂಡ ಮೇಲೆ, ಅಣ್ಣಿಗೇರಿಯಿಂದ ಬಂದಿದ್ದ ಅವಳ ತಂಗಿಯ ಬಾಯಿಂದ. "ಅಕ್ಕಾ ಅಂತ ಕರದು ಕರದು ನನಗೂ ಮರತಂಗ ಆಗಿತ್ತವಾ" ಎಂದು ಆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಪ್ಪತ್ತು ವರ್ಷ ಆ ಹೆಸರಿನಿಂದ ಅಜ್ಜಿಯನ್ನು ಯಾರೂ ಕರೆದಿರಲಿಲ್ಲ.

ಅದೇ ಊರಿನ ಜಮಖಾನ ನೀವು ನೋಡಿರಬಹುದು. ನವಿಲು, ಪಗಡೆಯ ಹಾಸು ಇರುವ ಗಟ್ಟಿ ನೇಯ್ಗೆ. ನೇಯುವವರು ಹೆಣ್ಣುಮಕ್ಕಳು, ಮನೆಯೊಳಗೆ ಕೂತು. ಜಮಖಾನಕ್ಕೆ ಊರಿನ ಹೆಸರಿದೆ, ನೇಯ್ದವಳದಿಲ್ಲ.

ಸಿಲ್ವಿಯಾಳನ್ನು ನಾವು ನೋಡದಿದ್ದರೂ ಅವಳ ಹೆಸರು ಉಳಿಯುತ್ತದೆ, ಬರೆದಿಟ್ಟವರಿದ್ದಾರೆ. ನಮ್ಮವರ ಹೆಸರು ಬರೆದಿಡುವವರು ನಾವೇ. ನಿಮ್ಮ ಅಜ್ಜಿಯ ತವರಿನ ಹೆಸರು ನಿಮಗೆ ಗೊತ್ತೆ? ಬಲ್ಲವರು ಇರುವಾಗಲೇ ಕೇಳಿಟ್ಟುಕೊಳ್ಳಿ.